ಕಂಪ್ಯೂಟರ್ ಆನ್ ಆಗ್ತಿಲ್ವಾ? ಅಂಗಡಿಗೆ ಹೊರುವ ಮೊದಲು ಮನೆಯಲ್ಲೇ ನೋಡಬೇಕಾದ್ದು

‘ಸಿಸ್ಟಂ ಆನ್ ಆಗ್ತಿಲ್ಲ’ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಇಷ್ಟೇ: ಬಟನ್ ಒತ್ತಿದಾಗ ಏನಾಗುತ್ತದೆ? ಫ್ಯಾನ್ ತಿರುಗುತ್ತಾ? ಲೈಟ್ ಬರುತ್ತಾ? ಪರದೆ ಮೇಲೆ ಏನಾದರೂ ಕಾಣುತ್ತಾ? ಬಹಳ ಜನ ಅದನ್ನು ನೋಡಿಯೇ ಇರುವುದಿಲ್ಲ. ಒಂದೆರಡು ಸಲ ಒತ್ತಿ, ಆಗಲಿಲ್ಲ ಅಂದ ಕೂಡಲೇ ಡಬ್ಬವನ್ನು ಬೈಕಿಗೆ ಕಟ್ಟಿಕೊಂಡು ಚಿಂತಾಮಣಿಗೋ ಚಿಕ್ಕಬಳ್ಳಾಪುರಕ್ಕೋ ಹೊರಟುಬಿಡುತ್ತಾರೆ. ಅಂಗಡಿಯಲ್ಲಿ ‘ಬೋರ್ಡ್ (ಒಳಗಿನ ಮುಖ್ಯ ಹಲಗೆ, ಮದರ್‌ಬೋರ್ಡ್) ಹೋಗಿದೆ’ ಅಂದರೆ ನಂಬದೆ ಬೇರೆ ದಾರಿ ಇರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಡೆಸ್ಕ್‌ಟಾಪ್ ನಂಬಿಕೊಂಡ ಕೆಲಸ ಜಾಸ್ತಿ. ಹಾಲಿನ ಡೈರಿಯ ಲೆಕ್ಕ, ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳ ಬಿಲ್ಲು, ಜೆರಾಕ್ಸ್ ಅಂಗಡಿ, ಶಾಲೆಯ ಅಂಕಪಟ್ಟಿ, ಪಹಣಿ ತೆಗೆದುಕೊಡುವ ಸೆಂಟರು. ಒಂದು ದಿನ ನಿಂತರೂ ಹಳ್ಳಿಯಿಂದ ಬಸ್ ಹತ್ತಿ ಬಂದವರು ಬರಿಗೈಲಿ ವಾಪಸ್ ಹೋಗುತ್ತಾರೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ತೋಟಕ್ಕೆ ನೀರು ಬರದಿದ್ದರೆ ಯಾರೂ ಮೊದಲೇ ಬೋರ್‌ವೆಲ್‌ನಿಂದ ಮೋಟಾರ್ ಎತ್ತಿಸುವುದಿಲ್ಲ, ಅಲ್ವಾ? ಟಿ.ಸಿ.ಯಲ್ಲಿ (ಟ್ರಾನ್ಸ್‌ಫಾರ್ಮರ್) ಕರೆಂಟ್ ಇದೆಯಾ, ಫ್ಯೂಸ್ ಸರಿ ಇದೆಯಾ, ಸ್ಟಾರ್ಟರ್ ಎತ್ತುತ್ತಿದೆಯಾ, ಕೇಬಲ್ ಸುಟ್ಟಿದೆಯಾ ಎಂದು ಒಂದೊಂದೇ ನೋಡಿಕೊಂಡು ಹೋಗುತ್ತೇವೆ. ಕಂಪ್ಯೂಟರ್‌ಗೂ ಅದೇ ಕ್ರಮ. ಗೋಡೆಯ ಸಾಕೆಟ್‌ನಿಂದ ಹೊರಟ ಕರೆಂಟ್ ಎಲ್ಲಿವರೆಗೆ ಬಂದು ನಿಂತಿದೆ ಎಂದು ಹುಡುಕಬೇಕು. ಆ ಜಾಗ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಮೂರು ಸ್ಥಿತಿ, ನಿಮ್ಮದು ಯಾವುದು?

ಒಂದು, ಬಟನ್ ಒತ್ತಿದರೆ ಏನೂ ಇಲ್ಲ. ಫ್ಯಾನೂ ಇಲ್ಲ, ಲೈಟೂ ಇಲ್ಲ. ಎರಡು, ಫ್ಯಾನ್ ತಿರುಗುತ್ತದೆ, ಲೈಟ್ ಬರುತ್ತದೆ, ಆದರೆ ಪರದೆ ಕಪ್ಪಗೇ ಇರುತ್ತದೆ. ಮೂರು, ಕಂಪನಿಯ ಲೋಗೋ ಬರುತ್ತದೆ, ಆದರೆ ವಿಂಡೋಸ್ ತೆರೆಯುವುದಿಲ್ಲ. ಮೊದಲನೆಯದು ಹೆಚ್ಚಾಗಿ ಕರೆಂಟಿನ ತೊಂದರೆ. ಎರಡನೆಯದು ಹೆಚ್ಚಾಗಿ ಮೆಮೊರಿಯ ಪಟ್ಟಿ, ಅಂದರೆ ರ‍್ಯಾಮ್ ಅಥವಾ ಡಿಸ್ಪ್ಲೇ. ಮೂರನೆಯದು ಡಿಸ್ಕ್ ಅಥವಾ ವಿಂಡೋಸ್. ನಿಮ್ಮದು ಯಾವುದೋ ಆ ಭಾಗಕ್ಕೇ ನೇರ ಹೋಗಿ.

ಬೇಕಾದ ಸಾಮಾನು ಕಡಿಮೆ. ಒಂದು ಸ್ಟಾರ್ ಸ್ಕ್ರೂಡ್ರೈವರ್, ಟಾರ್ಚ್, ಒಣಗಿದ ಪೇಂಟ್ ಬ್ರಷ್, ಪೆನ್ಸಿಲ್ ಅಳಿಸುವ ಮೆತ್ತಗಿನ ರಬ್ಬರ್. ಮಲ್ಟಿಮೀಟರ್ ಇದ್ದರೆ ಬಹಳ ಅನುಕೂಲ. ನಿಮ್ಮಲ್ಲಿ ಇಲ್ಲದಿದ್ದರೆ ಊರಿನ ಮೋಟಾರ್ ಮೆಕ್ಯಾನಿಕ್ ಹತ್ತಿರ ಇದ್ದೇ ಇರುತ್ತದೆ.

ಡಬ್ಬದ ಮುಚ್ಚಳ ತೆಗೆಯುವ ಮೊದಲು ಸ್ವಿಚ್ ಆಫ್ ಮಾಡಿದರೆ ಸಾಲದು, ವೈರನ್ನೇ ಕಿತ್ತುಬಿಡಿ. ಆಮೇಲೆ ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ಒಳಗಿನ ಭಾಗ ಮುಟ್ಟುವ ಮುಂಚೆ ಡಬ್ಬದ ಬಣ್ಣವಿಲ್ಲದ ಕಬ್ಬಿಣವನ್ನು ಒಮ್ಮೆ ಮುಟ್ಟಿ. ಮೈಮೇಲಿನ ಸ್ಥಿರ ವಿದ್ಯುತ್ ಅಲ್ಲೇ ಇಳಿದುಹೋಗುತ್ತದೆ. ಚಳಿಗಾಲದ ಒಣ ಹವೆಯಲ್ಲಿ ಇದನ್ನು ಮರೆಯಬೇಡಿ.

ಏನೂ ಇಲ್ಲ, ಪೂರ್ತಿ ಸತ್ತಿದೆ

ಗೋಡೆಯಿಂದಲೇ ಶುರು ಮಾಡಿ. ಅದೇ ಸಾಕೆಟ್‌ಗೆ ಬಲ್ಬೋ ಟೇಬಲ್ ಫ್ಯಾನೋ ಹಾಕಿ ನೋಡಿ. ಟೆಸ್ಟರ್ ಉರಿಯಿತು ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಟೆಸ್ಟರಿನ ಪುಟ್ಟ ದೀಪಕ್ಕೆ ಅತಿ ಕಡಿಮೆ ಕರೆಂಟ್ ಸಾಕು. ವೋಲ್ಟೇಜ್ ಅರ್ಧಕ್ಕೆ ಇಳಿದಿದ್ದರೂ, ನ್ಯೂಟ್ರಲ್ ಕಿತ್ತುಹೋಗಿದ್ದರೂ ಅದು ಉರಿಯುತ್ತದೆ.

ಮಲ್ಟಿಮೀಟರ್‌ನಲ್ಲಿ ಸಾಕೆಟ್ ಸುಮಾರು 230 ವೋಲ್ಟ್ ತೋರಿಸಬೇಕು. ಹಳ್ಳಿ ಕಡೆ ತ್ರೀಫೇಸ್ ಕೊಟ್ಟ ಹೊತ್ತಿನಲ್ಲಿ ಸುತ್ತಮುತ್ತಲ ಪಂಪ್‌ಸೆಟ್ ಎಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜ್ ಕುಸಿಯುತ್ತದೆ. ಈಗ ನಿಮ್ಮ ಕಂಪ್ಯೂಟರಿನ ಎಲ್ಲ ಭಾಗಕ್ಕೂ ಕರೆಂಟ್ ಕೊಡುವ ತಗಡಿನ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿ. ಅಲ್ಲಿ ‘200–240’ ಎಂದಿದ್ದರೆ ವೋಲ್ಟೇಜ್ 170ಕ್ಕೋ 180ಕ್ಕೋ ಇಳಿದಾಗ ಅದು ಏಳದೇ ಇರಬಹುದು. ‘100–240’ ಎಂದಿದ್ದರೆ ತಡೆದುಕೊಳ್ಳುತ್ತದೆ. ಬೆಳಗ್ಗೆ ಆನ್ ಆಗುತ್ತದೆ, ಮಧ್ಯಾಹ್ನ ಆಗುವುದಿಲ್ಲ ಅನ್ನುವವರು ಕಂಪ್ಯೂಟರ್ ಬಿಚ್ಚುವ ಮುಂಚೆ ಇದನ್ನೇ ನೋಡಬೇಕು. ವೋಲ್ಟೇಜ್ ದಿನಾ ಕಡಿಮೆ ಬರುತ್ತಿದ್ದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ಕೊಡಿ. ಅದು ನಿಮ್ಮ ಕಂಪ್ಯೂಟರಿನ ತಪ್ಪಲ್ಲ.

ಮುಂದಿನದು ಯುಪಿಎಸ್, ಕರೆಂಟ್ ಹೋದಾಗ ಕೆಲ ಹೊತ್ತು ಕಂಪ್ಯೂಟರ್ ನಡೆಸುವ ಬ್ಯಾಟರಿ ಪೆಟ್ಟಿಗೆ. ನಾನು ನೋಡಿದ ಮಟ್ಟಿಗೆ ‘ಸತ್ತ’ ಕಂಪ್ಯೂಟರ್‌ಗಳಲ್ಲಿ ಬಹಳಷ್ಟು ಇಲ್ಲೇ ನಿಂತಿರುತ್ತವೆ. ಮನೆಯ ಚಿಕ್ಕ ಯುಪಿಎಸ್‌ನಲ್ಲಿ ಇರುವುದು 12 ವೋಲ್ಟಿನ, ಸುಮಾರು 7 ಆಂಪಿಯರ್-ಅವರ್‌ನ ಬ್ಯಾಟರಿ. ಎರಡರಿಂದ ನಾಲ್ಕು ವರ್ಷಕ್ಕೆ ಅದರ ಕಥೆ ಮುಗಿಯುತ್ತದೆ. ಬ್ಯಾಟರಿ ಸತ್ತರೆ ಕೆಲವು ಯುಪಿಎಸ್‌ಗಳು ಗೋಡೆಯಲ್ಲಿ ಕರೆಂಟ್ ಇದ್ದರೂ ಆನ್ ಆಗುವುದಿಲ್ಲ. ಪರೀಕ್ಷೆ ಸುಲಭ. ಯುಪಿಎಸ್ ಬಿಟ್ಟು ಕಂಪ್ಯೂಟರನ್ನು ನೇರ ಗೋಡೆಗೆ ಹಾಕಿ. ಆನ್ ಆಯಿತಾ? ಹಾಗಾದರೆ ಡಬ್ಬ ಬಿಚ್ಚಬೇಡಿ, ಯುಪಿಎಸ್ ನೋಡಿ. ಅದರ ಹಿಂದೆ ಫ್ಯೂಸ್ ಅಥವಾ ಒತ್ತುವ ಬ್ರೇಕರ್ ಇರುತ್ತದೆ. ಬ್ಯಾಟರಿಯನ್ನು ರಾತ್ರಿಯೆಲ್ಲ ಚಾರ್ಜ್‌ಗೆ ಬಿಟ್ಟು, ವೈರ್ ಬಿಚ್ಚಿ ಅಳೆಯಿರಿ. ಆಗಲೂ 12 ವೋಲ್ಟ್‌ಗಿಂತ ಕೆಳಗಿದ್ದರೆ ಹೊಸ ಬ್ಯಾಟರಿ ಹಾಕಿಸಿ. ಯುಪಿಎಸ್ ಎಸೆಯಬೇಕಿಲ್ಲ.

ಜೆರಾಕ್ಸ್ ಅಂಗಡಿಯವರಿಗೆ ಇಲ್ಲೊಂದು ಮಾತು. ಲೇಸರ್ ಪ್ರಿಂಟರನ್ನು ಚಿಕ್ಕ ಯುಪಿಎಸ್‌ಗೆ ಹಾಕಲೇಬೇಡಿ. ಅದರೊಳಗಿನ ಹೀಟರ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಯುಪಿಎಸ್ ಓವರ್‌ಲೋಡ್ ಆಗಿ ಕಂಪ್ಯೂಟರನ್ನೂ ಆಫ್ ಮಾಡಿಬಿಡುತ್ತದೆ.

ಇನ್ನು ವೈರ್. ಕಂಪ್ಯೂಟರ್ ಮತ್ತು ಮಾನಿಟರ್‌ಗೆ ಬಹುತೇಕ ಒಂದೇ ತರಹದ ಪವರ್ ವೈರ್ ಇರುತ್ತದೆ. ಮಾನಿಟರ್ ಲೈಟ್ ಬರುತ್ತಿದ್ದರೆ ಅದರ ವೈರ್ ಕಿತ್ತು ಕಂಪ್ಯೂಟರ್‌ಗೆ ಹಾಕಿ. ಖರ್ಚಿಲ್ಲದ ಪರೀಕ್ಷೆ. ಇಲಿ ಕಡಿದ ಗುರುತು ಇದೆಯಾ ಎಂದೂ ವೈರನ್ನು ಉದ್ದಕ್ಕೂ ನೋಡಿ. ಡಬ್ಬದ ಹಿಂಬದಿಯಲ್ಲಿ, ವೈರ್ ಸೇರುವ ಜಾಗದ ಪಕ್ಕ ಒಂದು ಚಿಕ್ಕ ಸ್ವಿಚ್ ಇರಬಹುದು. ಗುಡಿಸುವಾಗ, ಒರೆಸುವಾಗ ಕೈ ತಾಗಿ ಅದು ಆಫ್ ಆಗಿರುತ್ತದೆ. ಗೆರೆ ಇರುವ ಕಡೆ ಒತ್ತಿದ್ದರೆ ಆನ್, ಸೊನ್ನೆ ಕಡೆ ಆಫ್. ಹಳೆಯ ಎಸ್‌ಎಂಪಿಎಸ್‌ಗಳಲ್ಲಿ ‘115/230’ ಎಂಬ ಕೆಂಪು ಸ್ವಿಚ್ ಕೂಡ ಇರುತ್ತದೆ. ಅದು ಯಾವಾಗಲೂ 230ರಲ್ಲೇ ಇರಬೇಕು. ಮಕ್ಕಳು ಆಟವಾಡುತ್ತಾ 115ಕ್ಕೆ ಸರಿಸಿ, ಆಮೇಲೆ ಕರೆಂಟ್ ಕೊಟ್ಟರೆ ಎಸ್‌ಎಂಪಿಎಸ್ ‘ಢಬ್’ ಎಂದು ಸುಟ್ಟುಹೋಗುತ್ತದೆ.

ಇಷ್ಟೆಲ್ಲ ಸರಿ ಇದ್ದೂ ಸತ್ತಿದ್ದರೆ ಈಗ ಮುಚ್ಚಳ ತೆಗೆಯಿರಿ. ಆಮೇಲೆ ಮತ್ತೆ ವೈರ್ ಹಾಕಿ, ಏನನ್ನೂ ಮುಟ್ಟದೆ ಒಮ್ಮೆ ಒಳಗೆ ಇಣುಕಿ. ಅನೇಕ ಮದರ್‌ಬೋರ್ಡ್‌ಗಳಲ್ಲಿ ಕರೆಂಟ್ ಬಂದ ಕೂಡಲೇ ಉರಿಯುವ ಪುಟ್ಟ ದೀಪ ಇರುತ್ತದೆ. ಅದು ಉರಿಯುತ್ತಿದ್ದರೆ ಎಸ್‌ಎಂಪಿಎಸ್‌ನಿಂದ ಸ್ವಲ್ಪವಾದರೂ ಕರೆಂಟ್ ಬೋರ್ಡಿಗೆ ತಲುಪಿದೆ ಎಂದರ್ಥ. ಆಗ ಮೊದಲ ಅನುಮಾನ ಪವರ್ ಬಟನ್ ಮೇಲೇ ಇರಲಿ. ದಿನಾ ಒತ್ತಿ ಒತ್ತಿ ಅದು ಸವೆದಿರುತ್ತದೆ. ಬಟನ್‌ನಿಂದ ಬರುವ ತೆಳ್ಳಗಿನ ಎರಡು ವೈರ್ ಬೋರ್ಡಿನ ಮೂಲೆಯ ಎರಡು ಪಿನ್‌ಗೆ ಸಿಕ್ಕಿಸಿರುತ್ತಾರೆ. ಆ ತೆಳ್ಳಗಿನ ವೈರ್ ಕಿತ್ತು, ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮಾತ್ರ ಒಟ್ಟಿಗೆ ತಾಗಿಸಿ. ಅಲ್ಲಿರುವುದು 5 ವೋಲ್ಟ್ ಒಳಗೆ, ಶಾಕ್ ಹೊಡೆಯುವುದಿಲ್ಲ. ಆದರೆ ಪಿನ್ ಯಾವುದೆಂದು ಬೋರ್ಡ್ ಮೇಲಿನ ಬರಹ ನೋಡಿ ಖಚಿತ ಮಾಡಿಕೊಳ್ಳಿ. ಆನ್ ಆದರೆ ಬಟನ್ನೇ ಹಾಳು. ಹೊಸ ಬಟನ್ ಸಿಗುವವರೆಗೆ ರೀಸೆಟ್ ಬಟನ್ನಿನ ವೈರನ್ನು ಆ ಪಿನ್‌ಗೆ ಹಾಕಿ, ಅದನ್ನೇ ಪವರ್ ಬಟನ್ ಮಾಡಿಕೊಳ್ಳಿ. ವರ್ಷಗಟ್ಟಲೆ ನಡೆಯುತ್ತದೆ.

ಎಸ್‌ಎಂಪಿಎಸ್ ಪರೀಕ್ಷೆ

ಬಟನ್ ಅಲ್ಲ ಅಂತಾದರೆ ಎಸ್‌ಎಂಪಿಎಸ್. ಈ ಪರೀಕ್ಷೆ ಸಾಮಾನ್ಯ ಅಸೆಂಬಲ್ಡ್ (ಬಿಡಿಭಾಗ ತಂದು ಜೋಡಿಸಿದ) ಸಿಸ್ಟಂಗಳಿಗೆ. ಡೆಲ್, ಎಚ್‌ಪಿ, ಲೆನೊವೊದ ಅನೇಕ ಆಫೀಸ್ ಮಾಡೆಲ್‌ಗಳಲ್ಲಿ ಕನೆಕ್ಟರ್ ಬೇರೆ ತರಹ ಇರುತ್ತದೆ. ಅಲ್ಲಿ ಇದನ್ನು ಮಾಡಬೇಡಿ.

ಗೋಡೆಯ ವೈರ್ ಕಿತ್ತು, ಮದರ್‌ಬೋರ್ಡಿನಿಂದ ಎಲ್ಲಕ್ಕಿಂತ ಅಗಲವಾದ 24 ಪಿನ್ ಕನೆಕ್ಟರ್ ಬಿಚ್ಚಿ. ಡಿಸ್ಕ್, ಪ್ರೊಸೆಸರ್‌ಗೆ (ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್) ಹೋಗುವ ಬೇರೆ ಕನೆಕ್ಟರ್‌ಗಳನ್ನೂ ಬಿಚ್ಚಿ. ಅಗಲದ ಕನೆಕ್ಟರಿನಲ್ಲಿ ಹಸಿರು ವೈರ್ ಒಂದೇ ಇರುತ್ತದೆ. ಒಂದು ಪೇಪರ್ ಕ್ಲಿಪ್ ಬಗ್ಗಿಸಿ, ಒಂದು ತುದಿ ಹಸಿರಿನ ತೂತಿಗೆ, ಇನ್ನೊಂದು ತುದಿ ಪಕ್ಕದ ಕಪ್ಪು ವೈರಿನ ತೂತಿಗೆ ಹಾಕಿ. ಕ್ಲಿಪ್ಪಿನಿಂದ ಕೈ ತೆಗೆದ ಮೇಲೆ ಗೋಡೆಯ ಸ್ವಿಚ್ ಹಾಕಿ. ಎಸ್‌ಎಂಪಿಎಸ್ ಫ್ಯಾನ್ ತಿರುಗಬೇಕು. ವೈರ್ ಎಲ್ಲ ಕಪ್ಪು ಬಣ್ಣದ್ದೇ ಆದರೆ ಹಸಿರಿನ ಜಾಗ 16ನೇ ಪಿನ್. ಎಣಿಸುವುದು ಖಚಿತವಿಲ್ಲದಿದ್ದರೆ ಬಿಟ್ಟುಬಿಡಿ.

ಫ್ಯಾನ್ ತಿರುಗಿತು ಅಂದ ಮಾತ್ರಕ್ಕೆ ಎಸ್‌ಎಂಪಿಎಸ್ ಚೆನ್ನಾಗಿದೆ ಅನ್ನುವಂತಿಲ್ಲ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಕಪ್ಪು ವೈರಿಗೆ ಇಟ್ಟು, ಕೆಂಪು ಕಡ್ಡಿಯಿಂದ ಒಂದೊಂದೇ ಅಳೆಯಿರಿ. ಹಳದಿ 12 ವೋಲ್ಟ್, ಅಂದರೆ 11.4ರಿಂದ 12.6ರ ಒಳಗೆ. ಕೆಂಪು 5 ವೋಲ್ಟ್, 4.75ರಿಂದ 5.25. ಕಿತ್ತಳೆ 3.3 ವೋಲ್ಟ್, 3.14ರಿಂದ 3.47. ನೇರಳೆ 5 ವೋಲ್ಟ್, ಅದು ಕಂಪ್ಯೂಟರ್ ಆಫ್ ಇದ್ದಾಗಲೂ ಇರಬೇಕು. ನೇರಳೆಯಲ್ಲೇ ಏನೂ ಇಲ್ಲ ಅಂದರೆ ಎಸ್‌ಎಂಪಿಎಸ್ ಹೋಗಿದೆ, ಇನ್ನು ಬೋರ್ಡನ್ನು ದೂರಬೇಡಿ.

ಎಸ್‌ಎಂಪಿಎಸ್‌ನ ತಗಡಿನ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್ 300 ವೋಲ್ಟ್‌ಗಿಂತ ಜಾಸ್ತಿ ಹಿಡಿದಿಟ್ಟುಕೊಂಡಿರುತ್ತದೆ. ವೈರ್ ಕಿತ್ತ ಮೇಲೂ ಹೊಡೆಯಬಹುದು. ಎಸ್‌ಎಂಪಿಎಸ್ ಇಡಿಯಾಗಿ ಬದಲಿಸುವ ವಸ್ತು. ಕೊಳ್ಳುವಾಗ ಹೆಸರಿಲ್ಲದ ಅಗ್ಗದ ಮಾಲು ಬೇಡ. ನಮ್ಮ ಕಡೆಯ ಕರೆಂಟಿಗೆ ಬೇರೆಲ್ಲಕ್ಕಿಂತ ಮೊದಲು ಹಣ ಹಾಕಬೇಕಾದ್ದು ಇದಕ್ಕೇ. ಬೋರ್ಡ್, ಡಿಸ್ಕ್ ಎಲ್ಲದರ ಆಯುಸ್ಸು ಇದರ ಕೈಯಲ್ಲಿದೆ.

ಇನ್ನೊಂದು ಬಗೆ ಇದೆ. ಬಟನ್ ಒತ್ತಿದರೆ ಫ್ಯಾನ್ ಅರೆಕ್ಷಣ ಅಲ್ಲಾಡಿ ನಿಂತುಬಿಡುತ್ತದೆ. ಇದು ಎಲ್ಲೋ ಶಾರ್ಟ್ ಆಗಿ ಎಸ್‌ಎಂಪಿಎಸ್ ತನ್ನನ್ನು ತಾನೇ ಕಾಪಾಡಿಕೊಳ್ಳುವ ಲಕ್ಷಣ. ಮೊದಲು ಮುಂಭಾಗದ ಯುಎಸ್‌ಬಿ ತೂತುಗಳನ್ನು ಟಾರ್ಚ್ ಹಾಕಿ ನೋಡಿ. ಪೆನ್‌ಡ್ರೈವ್ ತಿರುಗುಮುರುಗಾಗಿ ತುರುಕಿ ಒಳಗಿನ ಪಿನ್ ಬಗ್ಗಿ ಒಂದಕ್ಕೊಂದು ತಾಗಿದ್ದರೆ ಹೀಗಾಗುತ್ತದೆ. ಯುಎಸ್‌ಬಿಗೆ ಸಿಕ್ಕಿಸಿದ್ದನ್ನೆಲ್ಲ ಕಿತ್ತುಹಾಕಿ: ಬಯೋಮೆಟ್ರಿಕ್, ವೆಬ್‌ಕ್ಯಾಮ್, ಬಿಲ್ಲಿನ ಪ್ರಿಂಟರ್, ಎಲ್ಲ. ಬೋರ್ಡಿನ ಮೇಲೆ ಹಲ್ಲಿ ಸತ್ತು ಅಂಟಿಕೊಂಡಿದೆಯಾ, ಇರುವೆ ಗೂಡು ಕಟ್ಟಿದೆಯಾ, ಸ್ಕ್ರೂ ಬಿದ್ದಿದೆಯಾ ನೋಡಿ. ಬೋರ್ಡಿನ ಚಿಕ್ಕ ಕೊಳವೆಯಂಥ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ರಸ ಒಸರಿದ್ದರೆ ಅದು ಬೋರ್ಡಿನದೇ ತೊಂದರೆ. ಚಿಪ್ ಮಟ್ಟದ ರಿಪೇರಿ ಬಲ್ಲವರಿಗೆ ಕೊಡಬೇಕು.

ಫ್ಯಾನ್ ತಿರುಗುತ್ತೆ, ಪರದೆ ಕಪ್ಪು

ಮೊದಲು ಕೀಬೋರ್ಡಿನ ಕ್ಯಾಪ್ಸ್‌ಲಾಕ್ ಒತ್ತಿ. ಅದರ ಲೈಟ್ ಬಂದು ಹೋಗುತ್ತಿದ್ದರೆ ಕಂಪ್ಯೂಟರ್ ಒಳಗೆ ಕೆಲಸ ಮಾಡುತ್ತಿದೆ, ಪರದೆಗೆ ಚಿತ್ರ ತಲುಪುತ್ತಿಲ್ಲ ಅಷ್ಟೇ. ಮಾನಿಟರ್ ‘ನೋ ಸಿಗ್ನಲ್’ ಎಂದು ತೋರಿಸಿದರೆ ಮಾನಿಟರ್ ಚೆನ್ನಾಗಿದೆ ಎಂದು ತಿಳಿಯಿರಿ. ಕೇಬಲ್ ಎರಡೂ ತುದಿ ಕಿತ್ತು ಮತ್ತೆ ಬಿಗಿಯಾಗಿ ಹಾಕಿ. ಮಾನಿಟರಿನ ಮೆನುವಿನಲ್ಲಿ ನೀವು ಹಾಕಿದ ಕೇಬಲ್‌ನ ಇನ್‌ಪುಟ್ ಆರಿಸಿದೆಯಾ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ (ಪರದೆಗೆ ಚಿತ್ರ ಕಳಿಸುವ ಕಾರ್ಡ್) ಇದ್ದರೆ ಕೇಬಲ್ ಆ ಕಾರ್ಡಿಗೇ ಹೋಗಬೇಕು, ಬೋರ್ಡಿನ ತೂತಿಗಲ್ಲ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದರಲ್ಲಿ ಪರದೆಗೆ ಚಿತ್ರ ಕಳಿಸುವ ಭಾಗ ಇರುವುದೇ ಇಲ್ಲ. ಕಾರ್ಡ್ ಸಡಿಲವಾದರೆ ಅಥವಾ ಕೆಟ್ಟರೆ ಬೋರ್ಡಿಗೆ ಕೇಬಲ್ ಹಾಕಿ ಪ್ರಯೋಜನವಿಲ್ಲ.

ಕ್ಯಾಪ್ಸ್‌ಲಾಕ್ ಲೈಟೂ ಬರುತ್ತಿಲ್ಲವಾ? ಹಾಗಾದರೆ ಮೊದಲು ರ‍್ಯಾಮ್. ಧೂಳು ಈ ಕಡೆ ಬಹಳ. ಕಲ್ಲಿನ ಕ್ರಷರ್ ಇರುವ ಊರುಗಳಲ್ಲಂತೂ ಡಬ್ಬದೊಳಗೆ ಬಿಳಿ ಪುಡಿ ಪದರ ಪದರವಾಗಿ ಕೂತಿರುತ್ತದೆ. ರ‍್ಯಾಮ್‌ನ ಚಿನ್ನದ ಬಣ್ಣದ ಹಲ್ಲುಗಳಿಗೂ ಸ್ಲಾಟಿಗೂ ನಡುವೆ ಧೂಳು, ಮಾಸಲು ಸೇರಿದರೆ ಸಂಪರ್ಕ ತಪ್ಪುತ್ತದೆ.

ವೈರ್ ಕಿತ್ತಿರಬೇಕು, ಮರೆಯಬೇಡಿ. ಸ್ಲಾಟಿನ ತುದಿಯ ಕ್ಲಿಪ್ ಹೊರಕ್ಕೆ ಒತ್ತಿದರೆ ರ‍್ಯಾಮ್ ಮೇಲೆ ಬರುತ್ತದೆ. ಅಂಚಿನಲ್ಲಿ ಹಿಡಿಯಿರಿ. ಚಿನ್ನದ ಹಲ್ಲುಗಳನ್ನು ರಬ್ಬರಿನಿಂದ ಹಗುರವಾಗಿ ಉಜ್ಜಿ, ಎರಡೂ ಬದಿ. ರಬ್ಬರ್ ಪುಡಿ ಪೂರ್ತಿ ಒರೆಸಿ, ಒಂದು ಚೂರೂ ಸ್ಲಾಟಿಗೆ ಬೀಳಬಾರದು. ಸ್ಲಾಟನ್ನು ಒಣ ಬ್ರಷ್‌ನಿಂದ ಗುಡಿಸಿ. ಬಾಯಿಂದ ಊದಬೇಡಿ, ಎಂಜಲಿನ ತೇವ ಹೋಗುತ್ತದೆ. ರ‍್ಯಾಮ್‌ನ ಕಚ್ಚು ಸ್ಲಾಟಿನ ಉಬ್ಬಿಗೆ ಸರಿಯಾಗಿ ಕೂರುವಂತೆ ನೋಡಿ, ಎರಡೂ ತುದಿ ಸಮನಾಗಿ ಒತ್ತಿ. ‘ಟಕ್’ ಎಂದು ಕ್ಲಿಪ್ ಬೀಳಬೇಕು. ಬಹಳ ಜನ ಹೆದರಿ ಅರ್ಧಕ್ಕೇ ಒತ್ತಿ ಬಿಡುತ್ತಾರೆ. ಎರಡು ರ‍್ಯಾಮ್ ಇದ್ದರೆ ಒಂದನ್ನೇ ಹಾಕಿ ನೋಡಿ, ಆಮೇಲೆ ಇನ್ನೊಂದು. ಸ್ಲಾಟ್ ಬದಲಿಸಿಯೂ ನೋಡಿ. ಹೀಗೆ ಮಾಡಿದರೆ ಕೆಟ್ಟಿದ್ದು ರ‍್ಯಾಮೋ ಸ್ಲಾಟೋ ಎಂದು ನಿಮಗೇ ತಿಳಿಯುತ್ತದೆ. ರ‍್ಯಾಮ್ ಬದಲಿಸಿದ ಮೇಲೆ ಮೊದಲ ಸಲ ಪರದೆ ಬರಲು ಒಂದೆರಡು ನಿಮಿಷ ಹಿಡಿಯಬಹುದು. ಅವಸರಪಟ್ಟು ಆಫ್ ಮಾಡಬೇಡಿ.

ಬೀಪ್ ಶಬ್ದ ಬಂದರೆ ಎಣಿಸಿ ಬರೆದಿಟ್ಟುಕೊಳ್ಳಿ. ಅವಾರ್ಡ್ ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ, ಬೋರ್ಡಿನೊಳಗಿನ ಪ್ರೋಗ್ರಾಂ) ಇರುವ ಹಳೆಯ ಬೋರ್ಡ್‌ಗಳಲ್ಲಿ ಒಂದು ಉದ್ದ, ಎರಡು ಚಿಕ್ಕ ಬೀಪ್ ಅಂದರೆ ಡಿಸ್ಪ್ಲೇ ತೊಂದರೆ. ಕಂಪನಿಯಿಂದ ಕಂಪನಿಗೆ ಲೆಕ್ಕ ಬೇರೆ. ಡೆಲ್‌ನ ಅನೇಕ ಮಾಡೆಲ್‌ಗಳಲ್ಲಿ ಪವರ್ ಬಟನ್ನಿನ ಲೈಟೇ ಲೆಕ್ಕ ಹಾಕಿ ಮಿನುಗುತ್ತದೆ. ಮಾಡೆಲ್ ನಂಬರ್ ಜೊತೆ ಆ ಎಣಿಕೆಯನ್ನು ಮೊಬೈಲಿನಲ್ಲಿ ಹುಡುಕಿದರೆ ಅರ್ಥ ಸಿಗುತ್ತದೆ. ಬೀಪ್ ಬಾರದಿದ್ದರೆ ಬೋರ್ಡಿನಲ್ಲಿ ಸ್ಪೀಕರೇ ಇಲ್ಲದಿರಬಹುದು.

ಪ್ರೊಸೆಸರ್ ಪಕ್ಕ 4 ಅಥವಾ 8 ಪಿನ್ನಿನ ಇನ್ನೊಂದು ಕನೆಕ್ಟರ್ ಇರುತ್ತದೆ. ಅದು ಪ್ರೊಸೆಸರ್‌ಗೆ ಕರೆಂಟ್ ಕೊಡುವುದು. ಅದೊಂದು ಸಡಿಲವಾದರೂ ಫ್ಯಾನ್‌ಗಳೆಲ್ಲ ತಿರುಗುತ್ತವೆ, ಪರದೆ ಮಾತ್ರ ಬರುವುದಿಲ್ಲ. ಡಬ್ಬ ಬೈಕಿನಲ್ಲಿ ಹೋಗಿ ಬಂದಿದ್ದರೆ ಇದನ್ನು ನೋಡಲೇಬೇಕು.

ಆಮೇಲೆ ಬೋರ್ಡಿನ ಬಿಲ್ಲೆ ಬ್ಯಾಟರಿ, ಸಿಆರ್ 2032. ಇದು 3 ವೋಲ್ಟಿನದು, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ವೈರ್ ಕಿತ್ತು ಈ ಬ್ಯಾಟರಿಯನ್ನು ಹತ್ತು ನಿಮಿಷ ತೆಗೆದಿಟ್ಟರೆ ಬಯೋಸ್ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಹೋಗುತ್ತದೆ. ಎಷ್ಟೋ ಸಲ ಅಷ್ಟಕ್ಕೇ ಪರದೆ ಬಂದುಬಿಡುತ್ತದೆ. ದಿನಾ ಬೆಳಗ್ಗೆ ತಾರೀಕು ಹಿಂದಕ್ಕೆ ಹೋಗುತ್ತಿದ್ದರೆ, ‘ಎಫ್1 ಒತ್ತಿ’ ಎಂದು ಕೇಳುತ್ತಿದ್ದರೆ ಈ ಬ್ಯಾಟರಿ ಮುಗಿದಿದೆ. ತಾರೀಕು ತಪ್ಪಿದ್ದರೆ ಸರ್ಕಾರಿ ವೆಬ್‌ಸೈಟ್‌ಗಳೂ ‘ಸುರಕ್ಷಿತವಲ್ಲ’ ಎಂದು ತೆರೆಯುವುದಿಲ್ಲ. ಜನ ಸುಮ್ನೆ ತಪ್ಪನ್ನು ಇಂಟರ್ನೆಟ್ ಮೇಲೆ ಹಾಕುತ್ತಾರೆ.

ಇಲ್ಲೊಂದು ಎಚ್ಚರ. ಬ್ಯಾಟರಿ ತೆಗೆದು ಹಾಕಿದ ಮೇಲೆ ಲೋಗೋ ಬಂದು ವಿಂಡೋಸ್ ಬರದಿದ್ದರೆ ಡಿಸ್ಕ್ ಹೋಯಿತು ಎಂದು ಗಾಬರಿಯಾಗಬೇಡಿ. ಬಯೋಸ್‌ನಲ್ಲಿ ಯುಇಎಫ್‌ಐ ಮತ್ತು ಲೆಗಸಿ ಎಂಬ ಎರಡು ಬೂಟ್ ಬಗೆ ಇವೆ. ಸೆಟ್ಟಿಂಗ್ ಅಳಿಸಿದಾಗ ಅದು ಬದಲಾಗಿರಬಹುದು. ಹಾಗೆಯೇ ಸಾಟಾ ಡಿಸ್ಕಿಗೆ (ಸಾಟಾ ಎಂಬ ಕೇಬಲ್‌ನಿಂದ ಬೋರ್ಡಿಗೆ ಸೇರುವ ಡಿಸ್ಕ್) ಇರುವ ಎಎಚ್‌ಸಿಐ ಎಂಬ ಸೆಟ್ಟಿಂಗ್ ಕೂಡ. ಮೊದಲಿದ್ದಂತೆ ಮಾಡಿದರೆ ವಿಂಡೋಸ್ ಬರುತ್ತದೆ. ಅದಕ್ಕೇ ಬ್ಯಾಟರಿ ತೆಗೆಯುವ ಮುಂಚೆ, ಪರದೆ ಬರುವ ಹಾಗಿದ್ದರೆ, ಬಯೋಸ್ ಪುಟಗಳ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.

ಕಂಪ್ಯೂಟರ್ ಆನ್ ಆಗಿ ಒಂದೆರಡು ನಿಮಿಷಕ್ಕೇ ತಾನಾಗಿ ಆಫ್ ಆದರೆ ಅದು ಹೆಚ್ಚಾಗಿ ಬಿಸಿಯ ತೊಂದರೆ. ಪ್ರೊಸೆಸರ್ ಸುಮಾರು 100 ಡಿಗ್ರಿ ಮುಟ್ಟುವ ಹೊತ್ತಿಗೆ ವೇಗ ಇಳಿಸಿಕೊಳ್ಳುತ್ತದೆ, ಇನ್ನೂ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ನಿಂತುಬಿಡುತ್ತದೆ. ಅದರ ಫ್ಯಾನ್ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳಲ್ಲಿ ಧೂಳು ಕಟ್ಟಿರುತ್ತದೆ. ಬ್ಲೋಯರ್ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿಂದ ಹಿಡಿದುಕೊಳ್ಳಿ. ಗಾಳಿಗೆ ಅದು ಅತಿ ವೇಗವಾಗಿ ತಿರುಗಿದರೆ ಹಾಳಾಗಬಹುದು. ಇಂಟೆಲ್ ಜೊತೆ ಬರುವ ಫ್ಯಾನಿನ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಮೇಲೆದ್ದಿದ್ದರೂ ಸಾಕು, ಬಿಸಿ ಇಳಿಯುವುದಿಲ್ಲ. ಫ್ಯಾನ್ ಬಿಚ್ಚಿದರೆ ಹಳೆಯ ಪೇಸ್ಟ್ ಒರೆಸಿ, ಹೊಸ ಥರ್ಮಲ್ ಪೇಸ್ಟ್ (ಪ್ರೊಸೆಸರ್ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸುವ ಲೇಪ) ಬಟಾಣಿ ಕಾಳಿನಷ್ಟು ಹಾಕಿ. ಪೇಸ್ಟ್ ಕೈಯಲ್ಲಿ ಇಲ್ಲದೆ ಫ್ಯಾನ್ ಬಿಚ್ಚಲೇಬೇಡಿ.

ಲೋಗೋ ಬರುತ್ತೆ, ವಿಂಡೋಸ್ ಬರಲ್ಲ

ಮೊದಲು ಯಾವುದಾದರೂ ಪೆನ್‌ಡ್ರೈವ್ ಸಿಕ್ಕಿಸಿದೆಯಾ ನೋಡಿ ಕೀಳಿ. ‘ನೋ ಬೂಟಬಲ್ ಡಿವೈಸ್’ ಎಂದರೆ ಕಂಪ್ಯೂಟರ್‌ಗೆ ವಿಂಡೋಸ್ ಇರುವ ಡಿಸ್ಕ್ ಕಾಣುತ್ತಿಲ್ಲ. ಆನ್ ಮಾಡಿದ ಕೂಡಲೇ ಎಫ್2, ಡಿಲೀಟ್ ಅಥವಾ ಎಫ್10 ಕೀ ಒತ್ತುತ್ತಾ ಬಯೋಸ್‌ಗೆ ಹೋಗಿ. ಡಿಸ್ಕಿನ ಹೆಸರು ಅಲ್ಲಿ ಇದೆಯಾ? ಇದ್ದರೆ ಬೂಟ್ ಕ್ರಮದಲ್ಲಿ ಅದನ್ನು ಮೊದಲಿಗೆ ತನ್ನಿ. ಇಲ್ಲದಿದ್ದರೆ ಡಿಸ್ಕಿನ ಎರಡೂ ಕೇಬಲ್ ಕಿತ್ತು ಹಾಕಿ, ಸಾಟಾ ಕೇಬಲ್ ಬೇರೆ ಬದಲಿಸಿ ನೋಡಿ.

ಡಿಸ್ಕಿನಿಂದ ‘ಟಿಕ್ ಟಿಕ್’ ಶಬ್ದ ಬರುತ್ತಿದೆಯಾ? ತಕ್ಷಣ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಒಳಗಿನ ಲೆಕ್ಕ, ಫೋಟೋ ಎಲ್ಲ ಕೈತಪ್ಪುತ್ತಾ ಹೋಗುತ್ತವೆ. ಆ ಡಿಸ್ಕ್ ಡೇಟಾ ರಿಕವರಿ ಮಾಡುವವರ ಕೈಗೇ ಹೋಗಬೇಕು.

ಶಬ್ದ ಸರಿ ಇದ್ದು ವಿಂಡೋಸ್ ಸುತ್ತುತ್ತಲೇ ಇದ್ದರೆ, ಚುಕ್ಕಿಗಳು ಸುತ್ತುವಾಗ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ರಿಪೇರಿ ಪರದೆ ತಾನಾಗಿ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ರಿಪೇರಿ. ಅದು ಫಲಿಸದಿದ್ದರೆ ಅಲ್ಲೇ ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ ರೀಸ್ಟಾರ್ಟ್ ಕೊಟ್ಟು, 4 ಒತ್ತಿ ಸೇಫ್ ಮೋಡ್ ತೆರೆಯಿರಿ. ಇತ್ತೀಚೆಗೆ ಹಾಕಿದ ಪ್ರೋಗ್ರಾಂ, ಪ್ರಿಂಟರ್ ಡ್ರೈವರ್ ತೆಗೆದುಹಾಕಿ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಕೀ ಕೇಳಿದರೆ ಅದು 48 ಅಂಕಿಯದು. ಕಂಪ್ಯೂಟರ್‌ಗೆ ಹಾಕಿದ್ದ ಮೈಕ್ರೋಸಾಫ್ಟ್ ಅಕೌಂಟಿಗೆ ಮೊಬೈಲಿನಿಂದ ಲಾಗಿನ್ ಆದರೆ ಅಲ್ಲಿ ಸಿಗಬಹುದು.

‘ರೀಸೆಟ್ ದಿಸ್ ಪಿಸಿ’ ಕೊನೆಯ ದಾರಿ. ‘ಕೀಪ್ ಮೈ ಫೈಲ್ಸ್’ ಆರಿಸಿದರೆ ಫೈಲ್ ಉಳಿಯುತ್ತವೆ, ಆದರೆ ಟ್ಯಾಲಿ, ನುಡಿ, ಬರಹ, ಪ್ರಿಂಟರ್ ಡ್ರೈವರ್ ಎಲ್ಲ ಹೋಗುತ್ತವೆ, ಮತ್ತೆ ಹಾಕಬೇಕು. ಅದಕ್ಕೂ ಮೊದಲು ಫೈಲ್ ನಕಲು ಮಾಡಿಕೊಳ್ಳಿ. 8 ಜಿಬಿ ಪೆನ್‌ಡ್ರೈವ್‌ಗೆ ಬೇರೆಯವರ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ನಡೆಯುವ ಉಚಿತ ವ್ಯವಸ್ಥೆ) ಹಾಕಿಸಿ, ಅದರಿಂದ ಬೂಟ್ ಮಾಡಿ. ಇನ್‌ಸ್ಟಾಲ್ ಒತ್ತಬೇಡಿ. ಪೆನ್‌ಡ್ರೈವ್‌ನಿಂದಲೇ ಅದು ನಡೆಯುತ್ತದೆ, ಡಿಸ್ಕಿನ ಫೋಲ್ಡರ್ ಕಾಣುತ್ತದೆ, ಇನ್ನೊಂದು ಡ್ರೈವ್‌ಗೆ ಎಳೆದು ಹಾಕಬಹುದು. ಬಿಟ್‌ಲಾಕರ್ ಹಾಕಿದ ಡಿಸ್ಕ್ ಆದರೆ ಇಲ್ಲೂ ಆ ಕೀ ಬೇಕು.

ಅರ್ಥಿಂಗ್ ಮತ್ತು ಸಿಡಿಲು

ಡಬ್ಬ ಮುಟ್ಟಿದರೆ ಜುಮ್ ಅನ್ನುತ್ತಾ? ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್‌ನ ಫಿಲ್ಟರ್‌ನಿಂದ ತೀರ ಸ್ವಲ್ಪ ಕರೆಂಟ್ ಡಬ್ಬಕ್ಕೆ ಬರುತ್ತದೆ, ಅದು ಭೂಮಿಗೆ ಹೋಗಲು ದಾರಿ ಬೇಕು. ಸಾಕೆಟ್‌ನಲ್ಲಿ ಫೇಸ್‌ಗೂ ಅರ್ಥ್‌ಗೂ ನಡುವೆ ಸುಮಾರು 230 ಬರಬೇಕು. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎರಡು ಮೂರು ವೋಲ್ಟ್‌ಗಿಂತ ಜಾಸ್ತಿ ಇರಬಾರದು. ನಮ್ಮ ನೆಲ ಒಣ ನೆಲ. ಬಾಗೇಪಲ್ಲಿ, ಗುಡಿಬಂಡೆ ಕಡೆ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಪೂರ್ತಿ ಒಣಗುತ್ತದೆ. ಇದ್ದಿಲು, ಉಪ್ಪು ಹಾಕಿದ ಗುಂಡಿಗೆ ಫೆಬ್ರವರಿಯಿಂದಲೇ ವಾರಕ್ಕೊಮ್ಮೆ ಬಿಂದಿಗೆ ನೀರು ಹುಯ್ಯಿರಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪವರ್ ವೈರ್ ಮಾತ್ರ ಕಿತ್ತರೆ ಸಾಲದು. ಇಂಟರ್ನೆಟ್ಟಿನ ಲ್ಯಾನ್ ಕೇಬಲ್ ಮೂಲಕವೂ ಸಿಡಿಲಿನ ಹೊಡೆತ ಬೋರ್ಡಿಗೆ ಬರುತ್ತದೆ. ಎರಡನ್ನೂ ಕಿತ್ತಿಡಿ. ಮೋಡ ಗುಡುಗುವ ಮುಂಚೆಯೇ ಕೀಳಬೇಕು, ಗುಡುಗುವಾಗ ಕೈ ಹಾಕಬೇಡಿ. ಕರೆಂಟ್ ಹೋಗಿ ಬಂದಾಗ ಐದು ನಿಮಿಷ ಬಿಟ್ಟು ಆನ್ ಮಾಡಿ. ಬಂದ ಕೂಡಲೇ ವೋಲ್ಟೇಜ್ ಏರಿಳಿತ ಜಾಸ್ತಿ.

ಅಂಗಡಿಗೆ ಕೊಡಲೇಬೇಕಾದರೆ

ಡಿಸ್ಕ್ ತೊಂದರೆ ಅಲ್ಲದಿದ್ದರೆ ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಟ್ಟುಕೊಂಡು ಡಬ್ಬ ಕೊಡಿ. ನಿಮ್ಮ ಗ್ರಾಹಕರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಎಲ್ಲ ಅದರಲ್ಲೇ ಇರುತ್ತದೆ. ಬೋರ್ಡ್ ಪರೀಕ್ಷೆಗೆ ಡಿಸ್ಕ್ ಬೇಕಿಲ್ಲ. ರ‍್ಯಾಮ್ ಎಷ್ಟು ಜಿಬಿ, ಪ್ರೊಸೆಸರ್ ಯಾವುದು ಎಂದು ಫೋಟೋ ತೆಗೆದಿಟ್ಟುಕೊಳ್ಳಿ. ‘ಆನ್ ಆಗ್ತಿಲ್ಲ’ ಅಂತಷ್ಟೇ ಹೇಳದೆ ‘ಎಸ್‌ಎಂಪಿಎಸ್ ಅಳೆದಿದ್ದೇನೆ, 12 ವೋಲ್ಟ್ ಸರಿ ಇದೆ, ರ‍್ಯಾಮ್ ಬದಲಿಸಿ ನೋಡಿದ್ದೇನೆ’ ಎಂದು ಹೇಳಿ. ರಿಪೇರಿಯವರಿಗೂ ಕೆಲಸ ಹಗುರ. ಬದಲಿಸಿದ ಹಳೆಯ ಭಾಗ ಕೇಳಿ ಪಡೆಯಿರಿ.

ಬೋರ್ಡ್ ನಿಜವಾಗಿ ಹೋಗಿದ್ದು, ಅದು ಡಿಡಿಆರ್3 ರ‍್ಯಾಮ್ ಹಾಕುವ ಹಳೆಯ ಬೋರ್ಡ್ ಆಗಿದ್ದರೆ ನನ್ನ ಸಲಹೆ, ಅದಕ್ಕೆ ಹಣ ಹಾಕಬೇಡಿ. ಹೊಸ ಬೋರ್ಡ್ ಹಾಕಿದರೆ ಪ್ರೊಸೆಸರ್, ರ‍್ಯಾಮ್ ಎರಡೂ ಬದಲಾಗಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 (ಭದ್ರತೆಯ ಒಂದು ಭಾಗ) ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆಫೀಸ್‌ಗಳಿಂದ ಬಂದ ಸೆಕೆಂಡ್‌ಹ್ಯಾಂಡ್ ಸಿಸ್ಟಂ ಸಿಗುತ್ತವೆ. ಕೊಳ್ಳುವಾಗ ಅಲ್ಲೇ ಆನ್ ಮಾಡಿಸಿ, ಬಯೋಸ್‌ನಲ್ಲಿ ಪ್ರೊಸೆಸರ್ ಹೆಸರು ಓದಿ, ಪಾಸ್‌ವರ್ಡ್ ಇಲ್ಲವೆಂದು ನೋಡಿ, ಬಿಲ್ ಬರೆಸಿ. ಹಳೆಯ ಡಿಸ್ಕನ್ನು ಅದರಲ್ಲಿ ಎರಡನೇ ಡಿಸ್ಕ್ ಆಗಿ ಸಿಕ್ಕಿಸಿದರೆ, ಬಿಟ್‌ಲಾಕರ್ ಹಾಕಿರದಿದ್ದರೆ, ನಿಮ್ಮ ಫೈಲ್‌ಗಳೆಲ್ಲ ಹಾಗೇ ತೆರೆಯುತ್ತವೆ.